ಇವತ್ತು ಅಪ್ಪ ಕೇಳಿದರಾ?

"ಹಿಂದೆ ತಿರುಗಿ ನೋಡ್ಬೇಡಿ ಮೇಡಂ. ಸುಮ್ನೆ ಹೊರಟುಬಿಡಿ."

ಹೆಸರು ಕೇಳಲಿಲ್ಲ, ಕುಶಲ ವಿಚಾರಿಸಲಿಲ್ಲ. ಅವನು ಅವಳಿಗೆ ಆಡಿದ ಮೊದಲ ಮಾತೇ ಇದು!

ಅವಳು ಹೊರಡಲಿಲ್ಲ. ಕಾಲಿಗೆ ಬೇರು ಬಿಟ್ಟವಳಂತೆ ಅಲ್ಲೇ ನಿಂತಳು.

ಎರಡು ನಿಮಿಷದ ಹಿಂದೆಯಷ್ಟೇ ಅಪ್ಪ ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. "ಇದ್ಯಾವ ಆಫೀಸು? ಯಾಕ್ ಬಂದ್ವಿ ಇಲ್ಲಿಗೆ? ನಡಿ ಹೋಗೋಣ," ಎಂದು ಮಗುವಿನಂತೆ ಜಗ್ಗುತ್ತಿದ್ದರು. ಅಷ್ಟರಲ್ಲಿ ಮರೆವಿನ ಕಾಯಿಲೆಯವರಿಗೆಂದೇ ಇದ್ದ ಆ ಆರೈಕೆ ಮನೆಯ ಬಾಗಿಲು ತೆರೆಯಿತು. ನೀಲಿ ಅಂಗಿ ತೊಟ್ಟ ಈ ಮನುಷ್ಯ ಹೊರಬಂದ. ಅವಳ ಕಡೆ ನೋಡಲೂ ಇಲ್ಲ. ನೇರ ಅಪ್ಪನ ಹತ್ತಿರ ಹೋದ.

"ಬಡಗಿ ಮೇಸ್ತ್ರಿ ನೀವೇ ಅಲ್ವಾ? ಒಳ್ಳೆ ಟೈಮಿಗೆ ಬಂದ್ರಿ ನೋಡಿ! ಒಳಗೆ ಒಂದು ಕುರ್ಚಿ ಕುಂಟ್ತಾ ಇದೆ. ಸ್ವಲ್ಪ ನೋಡ್ತೀರಾ?"

ಅಪ್ಪನ ಮುಖ ಅರಳಿತು.

"ಗೂಟ ಸಡಿಲ ಆಗಿರುತ್ತೆ. ಈಗಿನವರಿಗೆ ಮೊಳೆ ಹೊಡೆಯೋದು ಬಿಟ್ರೆ ಇನ್ನೇನು ಗೊತ್ತು?" ಎನ್ನುತ್ತಾ ಮಗಳ ಕೈ ಬಿಟ್ಟರು. ಆಯಮ್ಮನೊಬ್ಬಳು ಅವರ ಚೀಲ ಹಿಡಿದು ಜೊತೆಗೆ ನಡೆದಳು.

ನಾಲ್ಕು ಅಂಕಿ ಒತ್ತಿದರೆ ಮಾತ್ರ ತೆರೆಯುವ ಬಾಗಿಲು... ಟಕ್ ಎಂದು ಮುಚ್ಚಿಕೊಂಡಿತು.

"ಮೋಸ ಮಾಡಿ ಒಳಗೆ ಕಳಿಸಿದ್ರಿ!" ಅವಳು ಅವನ ಮೇಲೆ ರೇಗಿದಳು. "ಅಲ್ಲಿ ಯಾವ ಕುರ್ಚೀನೂ ಕುಂಟ್ತಾ ಇಲ್ಲ, ಅಲ್ವಾ?"

"ಒಂದಿದೆ. ಬೆಳಿಗ್ಗೆ ನಾನೇ ಅದರ ಕಾಲು ಸಡಿಲ ಮಾಡಿಟ್ಟಿದೀನಿ," ಎಂದ ಅವನು ತಣ್ಣಗೆ.

"ನಾಚಿಕೆ ಆಗಲ್ವಾ ನಿಮಗೆ?"

"ಆಗ್ತಿತ್ತು. ಈಗ ಅಭ್ಯಾಸ ಆಗಿದೆ." ಅವನು ಮೊದಲ ಸಲ ಅವಳ ಮುಖ ನೋಡಿದ. "ನಿಜ ಹೇಳಿ ಕರ್ಕೊಂಡು ಹೋಗೋದಾದ್ರೆ ಏನಂತ ಹೇಳ್ಬೇಕಿತ್ತು? ನೀವೇ ಹೇಳಿಕೊಡಿ ಮೇಡಂ."



'ಎಂಥಾ ಕಲ್ಲು ಮನುಷ್ಯ!' ಎಂದು ಮನಸ್ಸಿನಲ್ಲೇ ಬೈದುಕೊಳ್ಳುತ್ತಾ ಮೆಟ್ಟಿಲಿಳಿದಳು. ಹಿಂದೆ ತಿರುಗಿ ನೋಡಿದಳು. ಮತ್ತೆ ಮತ್ತೆ ನೋಡಿದಳು.

ಅಪ್ಪ ಅವಳನ್ನು ಕರೆಯುತ್ತಿದ್ದದ್ದು ಚೂಟಿ ಎಂದು. ಚೂಟಿಯೇ ಅವಳು! ಡ್ರೈವಿಂಗ್ ಸ್ಕೂಲಿನಲ್ಲಿ ಪಾಠ ಹೇಳುವವಳು. ಬ್ರೇಕ್ ಒತ್ತಿ ಎಂದರೆ ಕಣ್ಣು ಮುಚ್ಚಿ ದೇವರನ್ನು ಕೂಗುವ ಶಿಷ್ಯರನ್ನೂ ನಗುನಗುತ್ತಲೇ ದಾರಿಗೆ ತಂದವಳು. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಅಪ್ಪ, ಮಗಳು ಇಬ್ಬರೇ.

ಮೊದಲು ಅಪ್ಪ ಉಳಿ, ಕೀಸುಳಿಗಳ ಹೆಸರು ಮರೆತರು. ಆಮೇಲೆ ವಾರಗಳನ್ನು. ಆಮೇಲೆ ಒಲೆ ಆರಿಸುವುದನ್ನು. ಒಂದು ಮಧ್ಯಾಹ್ನ ಅವಳು ಪಾಠದಲ್ಲಿದ್ದಾಗ ಯಾರದೋ ಫೋನ್ ಬಂತು. ಅಪ್ಪ ಮೂರು ಮೈಲಿ ನಡೆದು, ಕಟ್ಟುತ್ತಿದ್ದ ಯಾವುದೋ ಕಟ್ಟಡದ ಎರಡನೇ ಮಹಡಿ ಹತ್ತಿ, ಗೋಡೆಯಿಲ್ಲದ ಅಂಚಿನಲ್ಲಿ ನಿಂತು ಕೆಲಸಗಾರರಿಗೆ ಬೈಯುತ್ತಿದ್ದರು. ಬಾಗಿಲ ಚೌಕಟ್ಟು ವಾಲಿದೆಯೆಂದು!

ನೋಡಿದರೆ ಚೌಕಟ್ಟು ನಿಜವಾಗಿಯೂ ವಾಲಿತ್ತಂತೆ. ಆದರೆ ಅಪ್ಪನ ಒಂದು ಕಾಲಿನಲ್ಲಿ ಅವರ ಚಪ್ಪಲಿ, ಇನ್ನೊಂದರಲ್ಲಿ ಮಗಳದು.

ಅಂದು ಅವಳು ಸೋತಳು. "ನಿನ್ನನ್ನ ಎಲ್ಲಿಗೂ ಕಳಿಸಲ್ಲಪ್ಪಾ," ಎಂದು ಕೊಟ್ಟಿದ್ದ ಮಾತು ಗಂಟಲಲ್ಲಿ ಮುಳ್ಳಾಗಿ ಉಳಿಯಿತು.

"ಹೆತ್ತಪ್ಪ ಅಷ್ಟು ಭಾರ ಆದ್ನೇನೇ?" ಎಂದರು ದೊಡ್ಡಮ್ಮ ಫೋನಿನಲ್ಲಿ. 

ಹೊಸ ಜಾಗಕ್ಕೆ ಹೊಂದಿಕೊಳ್ಳಲೆಂದು ಮೊದಲ ಹತ್ತು ದಿನ ಮನೆಯವರು ಬರುವಂತಿರಲಿಲ್ಲ. ಸಂಜೆ ಐದೂವರೆಗೆ ಫೋನ್ ಮಾಡಬಹುದು, ಅಷ್ಟೇ. ಫೋನ್ ಎತ್ತುತ್ತಿದ್ದದ್ದು ಅದೇ ಕಲ್ಲು ಮನುಷ್ಯ! ವಾರ್ಡಿನ ಹಿರಿಯ ನರ್ಸು ಅವನು. ಗಂಡು ನರ್ಸುಗಳನ್ನು ಕರೆಯುವ ಹಾಗೆ ಎಲ್ಲರೂ ಅವನನ್ನು ಬ್ರದರ್ ಎನ್ನುತ್ತಿದ್ದರು.

"ಬ್ರದರ್... ಅಪ್ಪ ಹೇಗಿದಾರೆ?"

"ಊಟ ಮಾಡಿದ್ರು. ಎರಡು ಮೇಜು ತಲೆಕೆಳಗೆ ಹಾಕಿ ಕಾಲು ಪರೀಕ್ಷೆ ಮಾಡಿದ್ರು. ಮೂರನೇದರ ಮೇಲೆ ಹಾಲಿತ್ತು, ಅದು ಚೆಲ್ಲಿತು."

ಅವಳಿಗೆ ಅಳುವಿನ ನಡುವೆಯೂ ನಗು ಬಂತು.

"ನನ್ನನ್ನ... ಕೇಳಿದ್ರಾ?"

ಆ ಕಡೆ ಒಂದು ಕ್ಷಣ ಮೌನ.

"ಕೇಳಿದ್ರು," ಎಂದ ಅವನು. "'ಚೂಟಿ ಊಟ ಮಾಡಿದ್ಲಾ' ಅಂದ್ರು."

ಎರಡು ದಿನದಿಂದ ಸರಿಯಾಗಿ ಉಣ್ಣದಿದ್ದವಳು ಅಂದು ತಟ್ಟೆ ತುಂಬ ಬಡಿಸಿಕೊಂಡು ತಿಂದಳು!

ಆಮೇಲಿಂದ ಅದೇ ಅವಳ ದಿನದ ಔಷಧಿಯಾಯಿತು. "ಇವತ್ತು ಅಪ್ಪ ಕೇಳಿದ್ರಾ?" "ಕೇಳಿದ್ರು." ಒಂದು ದಿನ "ಚೂಟಿ ಗಾಡಿ ಜೋರಾಗಿ ಓಡಿಸ್ತಾಳೆ, ಹೇಳಿ ಅವಳಿಗೆ" ಅಂದರಂತೆ. ಇನ್ನೊಂದು ದಿನ "ಚೂಟಿ ಕೆಮ್ಮು ಹೋಯ್ತಾ" ಅಂದರಂತೆ.

'ನನ್ನ ಕೆಮ್ಮು ಕೂಡ ನೆನಪಿದೆ ಅಪ್ಪನಿಗೆ!' ಎಂದು ಅವಳು ಹಿಗ್ಗಿದಳು. ಹಿಂದಿನ ದಿನ ಫೋನಿನಲ್ಲಿ ತಾನೇ ನಾಲ್ಕು ಸಲ ಕೆಮ್ಮಿದ್ದು ಅವಳಿಗೆ ಹೊಳೆಯಲೇ ಇಲ್ಲ.

ಹನ್ನೊಂದನೆಯ ದಿನ ಅವಳು ಒಳಗೆ ಕಾಲಿಟ್ಟಾಗ ಅಪ್ಪ ತಲೆಯೆತ್ತಿ, "ಬಂದ್ಯಾ? ಕೂತ್ಕೋ," ಎಂದರು. ಅಷ್ಟು ಸಾಕಾಯಿತು ಅವಳಿಗೆ.

ವಾರಕ್ಕೆ ಮೂರು ಮಧ್ಯಾಹ್ನ ಬರತೊಡಗಿದಳು. ನಿಧಾನವಾಗಿ ಆ ಮನೆಯ ಗುಟ್ಟುಗಳು ತಿಳಿಯುತ್ತಾ ಹೋದವು. ನೆಲಕ್ಕೆಲ್ಲ ಒಂದೇ ಬಣ್ಣ. ಕಪ್ಪು ಕಾಲೊರಸು ಹಾಕಿದರೆ ಇವರ ಕಣ್ಣಿಗೆ ಅದು ಗುಂಡಿ. ಊಟಕ್ಕೆ ಕೆಂಪು ತಟ್ಟೆ, ಏಕೆಂದರೆ ಬಿಳಿ ತಟ್ಟೆಯಲ್ಲಿ ಬಡಿಸಿದ್ದು ಕಾಣಿಸುವುದಿಲ್ಲ. ಕನ್ನಡಿಗಳಿಗೆ ಪರದೆ, ಒಳಗಿನ ಮುದುಕ ಯಾರೆಂದು ಅಪ್ಪ ಹೆದರುತ್ತಿದ್ದರು. ಹಿತ್ತಿಲಲ್ಲಿ ಎಲ್ಲಿಂದ ಹೊರಟರೂ ಹೊರಟಲ್ಲಿಗೇ ಬಂದು ಸೇರುವ ಕಾಲುದಾರಿ.

ಆ ದಾರಿಯಲ್ಲಿ ಅಪ್ಪ ಮುಂದೆ, ಅವಳೂ ಬ್ರದರೂ ಹಿಂದೆ. ಎಷ್ಟು ಸುತ್ತು ಹಾಕಿದರೋ!

"ಇಲ್ಲಿಂದ ವಾಸಿಯಾಗಿ ಮನೆಗೆ ಹೋದೋರು ಯಾರಾದ್ರೂ ಇದಾರಾ?" ಒಂದು ದಿನ ಕೇಳಿದಳು.

"ಇಲ್ಲ."

"ಒಬ್ಬರೂ?"

"ಒಬ್ಬರೂ ಇಲ್ಲ ಮೇಡಂ. ಮುಂಚೆ ಎಮರ್ಜೆನ್ಸಿ ವಾರ್ಡಲ್ಲಿದ್ದೆ. ಅಲ್ಲಿ ಕಾಯಿಲೆ ಜೊತೆ ಕುಸ್ತಿ. ಇಲ್ಲಿ ಕುಸ್ತಿ ಸೋತ ಮೇಲಿನ ಕೆಲಸ."

"ಮತ್ಯಾಕೆ ಇಲ್ಲೇ ಇದೀರಾ?"

ಅವನು ತಲೆ ಕೆರೆದುಕೊಂಡ. "ಬಿಟ್ಟುಬಿಡೋಣ ಅಂತ ಮೂರು ಸಲ ಅರ್ಜಿ ಬರೆದೆ. ಮೂರು ಸಲಾನೂ ಕೊಡೋಕೆ ಹೋಗೋ ಹೊತ್ತಿಗೆ ಯಾರಿಗೋ ಊಟ ಮಾಡಿಸೋ ಟೈಮ್ ಆಗ್ಬಿಡ್ತು."

ಅವಳು ಪಕಪಕನೆ ನಕ್ಕಳು. ಎಷ್ಟೋ ತಿಂಗಳ ಮೇಲೆ! ಮುಂದೆ ಹೋಗುತ್ತಿದ್ದ ಅಪ್ಪ ತಿರುಗಿ ನೋಡಿ ತಾವೂ ನಕ್ಕರು, ಯಾಕೆಂದು ಗೊತ್ತಿಲ್ಲದೆಯೇ.

'ಕಲ್ಲಲ್ಲ ಈ ಮನುಷ್ಯ... ಕಲ್ಲಿನ ಥರ ನಿಂತ್ಕೊಳ್ಳೋದು ಕಲಿತಿದಾನೆ ಅಷ್ಟೇ.'

"ಬ್ರದರ್, ನಾಳೆ ಅಪ್ಪನ ಬನೀನು ತರ್ತೀನಿ..."

"ಮೇಡಂ, ಒಂದು ಮಾತು." ಅವನು ಎಲ್ಲೋ ನೋಡುತ್ತಾ ಹೇಳಿದ. "ಇಲ್ಲಿ ಮೂವತ್ತೆರಡು ಜನ ನನ್ನನ್ನ ಬ್ರದರ್ ಅಂತಾರೆ. ನೀವೊಬ್ಬರು ಅನ್ನದೇ ಇದ್ರೆ ನಷ್ಟ ಏನಿಲ್ಲ."

ಅವಳ ಕಿವಿ ಕೆಂಪಾಯಿತು! ಅಂದಿನಿಂದ ಅವನನ್ನು ಏನೆಂದು ಕರೆಯಬೇಕೋ ತಿಳಿಯದೆ, ಫೋನಿನಲ್ಲಿ "ಹಲೋ... ನಾನು," ಎಂದಷ್ಟೇ ಅನ್ನುತ್ತಿದ್ದಳು. "ಗೊತ್ತು," ಎನ್ನುತ್ತಿದ್ದ ಅವನು. ಅಪ್ಪನ ವಿಷಯ ಐದು ನಿಮಿಷ. ಆಮೇಲೆ ಇನ್ನೇನೇನೋ ಅರ್ಧ ಗಂಟೆ.

ಅವಳ ಹುಟ್ಟಿದ ದಿನ ಪಾಠಗಳ ನಡುವೆ ಹೋಗಲಾಗಲಿಲ್ಲ. ಸಂಜೆ ಫೋನ್ ಮಾಡಿದಳು.

"ಇವತ್ತು ಬೆಳಿಗ್ಗೆಯಿಂದ ಒಂದೇ ಸಮ ಹೇಳ್ತಿದ್ರು," ಎಂದ ಅವನು. "'ನನ್ನ ಚೂಟಿ ಹುಟ್ಟಿದ ದಿನ, ಅವಳಿಗೆ ಒಳ್ಳೇದಾಗ್ಲಿ' ಅಂತ."

ರಸ್ತೆ ಬದಿಗೆ ಗಾಡಿ ನಿಲ್ಲಿಸಿ, ಸ್ಟೀರಿಂಗಿಗೆ ಹಣೆಯಿಟ್ಟು ಅವಳು ಮನಸಾರೆ ಅತ್ತಳು. ಎಂಥ ಸುಖದ ಅಳು ಅದು!

ಅದಾಗಿ ಮೂರು ವಾರಕ್ಕೆ, ಒಂದು ಗುರುವಾರ, ಅವಳು ಹೋದಾಗ ಅವನಿರಲಿಲ್ಲ.

"ಬ್ರದರ್ ಟ್ರೇನಿಂಗಿಗೆ ಹೋಗಿದಾರೆ ಕಣಮ್ಮ," ಎಂದಳು ಆಯಮ್ಮ. "ಹೊಸ ಮಾತ್ರೆಗೆ ನಿಮ್ಮ ಸಹಿ ಬೇಕಂತೆ. ಇಗೋ ಫೈಲು. ಕೊನೇ ಹಾಳೆ ನೋಡ್ಕೊಳ್ಳಿ."

ಆಯಮ್ಮ ಯಾರದೋ ಕರೆಗೆ ಓಗೊಟ್ಟು ಓಡಿದಳು. ಕೊನೆಯ ಹಾಳೆ ಹುಡುಕುತ್ತಾ ಅವಳು ಪುಟ ತಿರುವಿದಳು. ದುಂಡನೆಯ ಅಕ್ಷರ. ಅವನದೇ ಕೈಬರಹ. ದಿನಕ್ಕೊಂದು ಟಿಪ್ಪಣಿ.

"ಊಟ ಅರ್ಧ. ಮಗಳ ಬಗ್ಗೆ ವಿಚಾರಿಸಲಿಲ್ಲ."

ಮುಂದಿನ ದಿನ. "ಮಗಳ ಫೋಟೋ ತೋರಿಸಿದಾಗ ಗುರುತಿಸಲಿಲ್ಲ."

"ಮಗಳು ಬಂದು ಹೋದ ಮೇಲೆ, ಬಂದಿದ್ದು ಯಾರೆಂದು ಕೇಳಿದರು."

ಅವಳು ಮತ್ತೆ ಪುಟ ತಿರುವಿದಳು. ಹಿಂದಕ್ಕೆ... ಇನ್ನೂ ಹಿಂದಕ್ಕೆ... ತನ್ನ ಹುಟ್ಟಿದ ದಿನದ ಹಾಳೆ.

"ದಿನವಿಡೀ ಮೌನ. ಯಾರೊಡನೆಯೂ ಮಾತಿಲ್ಲ."

ಮೊಟ್ಟಮೊದಲ ದಿನದಿಂದ, ನಾಲ್ಕು ತಿಂಗಳಲ್ಲಿ, ಒಂದೇ ಒಂದು ದಿನವೂ ಅಪ್ಪ ಅವಳನ್ನು ಕೇಳಿರಲಿಲ್ಲ! ಚೂಟಿ ಎಂಬ ಹೆಸರು ಸೇರಿಸುವಾಗ ಅರ್ಜಿಯಲ್ಲಿ ತಾನೇ ಬರೆದುಕೊಟ್ಟದ್ದು.

ಕಿಟಕಿಯ ಬಳಿ ಅಪ್ಪ ಕುಳಿತಿದ್ದರು. ಔಷಧಿ ತಂದ ಬೇರೊಬ್ಬ ನರ್ಸಿಗೆ, "ಬಂದ್ಯಾ? ಕೂತ್ಕೋ," ಎಂದರು. ನೆಲ ಒರೆಸುವವಳಿಗೂ ಅದನ್ನೇ ಹೇಳಿದರು. ಅದೇ ದನಿ. ಅದೇ ನಗು.

ಸಹಿ ಮಾಡುವಾಗ ಅವಳಿಗೆ ತನ್ನ ಹೆಸರಿನ ಅಕ್ಷರವೇ ತಪ್ಪಿತು.

ಮರುದಿನ ಬೆಳಿಗ್ಗೆ ಅವನು ಕೆಲಸಕ್ಕೆ ಬರುವ ಹೊತ್ತಿಗೆ ಅವಳು ಗೇಟಿನಲ್ಲೇ ನಿಂತಿದ್ದಳು. ಅವಳ ಮುಖ ಕಂಡೊಡನೆ ಅವನಿಗೆ ಎಲ್ಲ ತಿಳಿಯಿತು.

"ಫೈಲ್ ನೋಡಿದ್ರಾ?"

"ನೋಡಿದೆ."  "ಒಳಗಿರೋರಿಗೆ ಹೇಳೋ ಹಾಗೆ ನನಗೂ ಕಥೆ ಹೇಳಿದ್ರಾ? ನನಗೆ ಮರೆವಿನ ಕಾಯಿಲೆ ಇಲ್ಲ! ನಾನು ನಿಮ್ಮ ಪೇಷಂಟ್ ಅಲ್ಲ!"

"ಒಂದೇ ದಿನಕ್ಕೆ ಅಂತ ಹೇಳಿದ್ದು... ನಿಮಗೆ ಸಮಾಧಾನ ಆಗ್ಲಿ ಅಂತ..."

"ನಾಲ್ಕು ತಿಂಗಳು! ಮನೇಲಿ ಒಬ್ಬಳೇ ಕೂತು ಎಷ್ಟು ಖುಷಿ ಪಟ್ಟಿದೀನಿ ಗೊತ್ತಾ? ಅಷ್ಟೂ ಹೊತ್ತು ನೀವು ನನ್ನ ನೋಡಿ ಅಯ್ಯೋ ಪಾಪ ಅಂದ್ಕೊಂಡಿದ್ರಿ. ಅಲ್ವಾ?"

"ಇಲ್ಲ ಮೇಡಂ. ಆಣೆ..."

"ನಿಮ್ಮ ಆಣೆಗೆ ಏನು ಬೆಲೆ?" ಅವಳು ಕಣ್ಣೊರೆಸಿಕೊಂಡಳು. "ಅಪ್ಪ ನನ್ನ ಮರೆತಿದ್ದು ಕಾಯಿಲೆಯಿಂದ. ನೀವು ಬುದ್ಧಿ ನೆಟ್ಟಗಿದ್ದೇ ಆಟ ಆಡಿದ್ರಿ."

ಅವನು ತಲೆ ತಗ್ಗಿಸಿದ.  

ಐದೂವರೆಯ ಫೋನ್ ನಿಂತಿತು. ಐದೂ ಇಪ್ಪತ್ತಕ್ಕೇ ಅವಳ ಕೈ ತಾನಾಗಿ ಮೊಬೈಲ್ ಹುಡುಕುತ್ತಿತ್ತು. ಬೈದುಕೊಂಡು ಕೆಳಗಿಡುತ್ತಿದ್ದಳು.

'ನನ್ನ ಮನೆ, ನನ್ನ ಕೈಯಡುಗೆ, ನನ್ನ ದನಿ... ನಾಲ್ಕು ಗೋಡೆ ನೋಡಿದರೆ ಅಪ್ಪನಿಗೆ ಎಲ್ಲ ನೆನಪಾಗುತ್ತೆ. ಅಲ್ಲಿ ಇಟ್ಟಿದ್ದಕ್ಕೇ ಮರೆತದ್ದು!'

ಹಾಗೆಂದು ಮನಸ್ಸಿಗೆ ಬಂದದ್ದೇ ತಡ, ಭಾನುವಾರ ಬೆಳಿಗ್ಗೆ ಹೋಗಿ ಒಂದು ದಿನದ ಮಟ್ಟಿಗೆ ಅಪ್ಪನನ್ನು ಕರೆದೊಯ್ಯುವ ಕಾಗದ ತುಂಬಿದಳು. ಕಾಗದ ಕೊಟ್ಟವನು ಅವನೇ.

"ಮಧ್ಯಾಹ್ನ ಮೂರರ ಮೇಲೆ ಅವರಿಗೆ ಗಲಿಬಿಲಿ ಜಾಸ್ತಿ ಆಗುತ್ತೆ," ಎಂದ ಮೆಲ್ಲಗೆ. "ಊಟ ಆದ ತಕ್ಷಣ ಕರ್ಕೊಂಡು ಬಂದ್ಬಿಡಿ."

"ಇದಾದ್ರೂ ನಿಜಾನಾ?"

ಅವನ ಮುಖಕ್ಕೆ ಹೊಡೆದಂತಾಯಿತು. ಅವಳಿಗೂ ಆಡಿದ ಮೇಲೆ ನೋವಾಯಿತು. ಆದರೆ ಬಿಟ್ಟ ಬಾಣ!

ಅಪ್ಪ ಗಾಡಿಯಲ್ಲಿ ಸುಮ್ಮನೆ ಕುಳಿತು ಬಂದರು. ಮನೆಯ ಮುಂದೆ ಇಳಿದವರು ಬಾಗಿಲ ಬಳಿ ನಿಂತುಬಿಟ್ಟರು. ಮೂವತ್ತು ವರ್ಷದ ಹಿಂದೆ, ಅವಳು ಅಂಬೆಗಾಲಿಡುತ್ತಿದ್ದಾಗ, ಅವರೇ ಮೂರು ತಿಂಗಳು ಕೂತು ಮಾಡಿದ ಬಾಗಿಲು ಅದು. ಅಂಗೈಯಿಂದ ಹಲಗೆಯನ್ನು ನಿಧಾನವಾಗಿ ಸವರಿದರು.

ಅವಳು ಒಂದು ಹೆಜ್ಜೆ ಹತ್ತಿರ ಬಂದಳು. 'ನೆನಪಾಯ್ತು! ನೆನಪಾಯ್ತು!'

"ಯಾರೋ ಒಳ್ಳೆ ಕೆಲಸಗಾರ," ಎಂದರು ಅಪ್ಪ. "ಯಾರಮ್ಮ ಮಾಡಿದ್ದು?"

ಅವಳು ಬೀಗ ತೆಗೆದು ಅಪ್ಪನನ್ನು ಒಳಗೆ ಕರೆದುಕೊಂಡಳು.

ಊಟ ಹೇಗೋ ಆಯಿತು. ಎರಡು ಗಂಟೆಗೇ ವಾಪಸ್ ಬಿಡಬಹುದಿತ್ತು. ಹಟ! ಹಳೆಯ ಫೋಟೋಗಳನ್ನು ತೆಗೆದು ಮುಂದಿಟ್ಟಳು. ಹೆಸರು ಹೇಳಿ ಹೇಳಿ ತೋರಿಸಿದಳು. ಅಪ್ಪ ಒಂದೊಂದನ್ನೂ ನೋಡಿ, ಮರ್ಯಾದೆಗೆ ತಲೆಯಾಡಿಸಿದರು. ಗಡಿಯಾರ ಮೂರೂವರೆ ತೋರಿಸಿದಾಗ ತಟ್ಟನೆ ಎದ್ದು ನಿಂತರು.

"ಮನೆಗೆ ಹೋಗ್ಬೇಕು ನಾನು."

"ಇದೇ ಮನೆ ಅಪ್ಪಾ!"

"ಮಗಳು ಸ್ಕೂಲಿಂದ ಬರೋ ಹೊತ್ತು. ಬಾಗಿಲು ಹಾಕಿದ್ರೆ ಹೊರಗೆ ನಿಂತು ಅಳ್ತಾಳೆ ಮಗು. ದಾರಿ ಬಿಡಮ್ಮ."

ಅವಳು ಗರಬಡಿದವಳಂತೆ ನಿಂತಳು. ಅಪ್ಪ ಕೇಳುತ್ತಿದ್ದಾರೆ... ಕೊನೆಗೂ ತನ್ನನ್ನೇ ಕೇಳುತ್ತಿದ್ದಾರೆ!

"ಅಪ್ಪಾ, ನಾನೇ! ನಾನೇ ಚೂಟಿ! ಬಂದಿದೀನಿ ನೋಡು!"

ಅಪ್ಪ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರ ಕಣ್ಣಲ್ಲಿ ಭಯ ತುಂಬಿತು.

"ನೀನಾ? ನೀನು ದೊಡ್ಡ ಹೆಂಗಸು. ನನ್ನ ಮಗಳು ಇಷ್ಟೇ ಇಷ್ಟು... ಎಲ್ಲಿ ಅವಳು? ಏನ್ ಮಾಡಿದೆ ನನ್ನ ಮಗೂನ?"

"ಅಪ್ಪಾ..."

"ಬಿಡೇ ದಾರಿ!"

ಮಗಳ ಬಳಿಗೆ ಓಡಬೇಕೆಂದು ಅಪ್ಪ ಮಗಳನ್ನೇ ತಳ್ಳಿದರು. ಎಪ್ಪತ್ತು ದಾಟಿದರೂ ಬಡಗಿಯ ತೋಳು ಅದು! ಅವಳು ಮೇಜಿಗೆ ಬಡಿದು ಬಿದ್ದಳು. ಎಡಗೈ ಮಣಿಕಟ್ಟು ಉಳುಕಿ ಕಣ್ಣು ಕತ್ತಲೆ ಬಂತು. ಹೇಗೋ ಎದ್ದು ಹೊರಬಾಗಿಲ ಚಿಲಕ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತು ಫೋನ್ ಒತ್ತಿದಳು.

"ಹಲೋ... ನಾನು..."

"ಬಂದೆ," ಎಂದ ಅವನು. ಬೇರೆ ಏನೂ ಕೇಳಲಿಲ್ಲ.

ಇಪ್ಪತ್ತೇ ನಿಮಿಷ. ಆರೈಕೆ ಮನೆಯ ವ್ಯಾನಿನಲ್ಲಿ ಬಂದಿಳಿದ. ಅವನು ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಅವಳು ಉಸಿರು ಬಿಗಿಹಿಡಿದು ಕಾದಿದ್ದಳು.

"ಮೇಸ್ತ್ರಿ," ಎಂದ ನಗುತ್ತಾ. "ಚೂಟಿ ಸ್ಕೂಲಿಂದ ಬಂದಾಯ್ತು. ಪಕ್ಕದ ಮನೇಲಿ ಆಡ್ತಿದಾಳೆ."

"ಸುಳ್ಳು!" ಅಪ್ಪ ಕಿರುಚಿದರು. "ಸುಳ್ಳು ಹೇಳ್ತೀಯಾ? ನೀನೂ ಇವಳೂ ಸೇರ್ಕೊಂಡಿದೀರಾ!"

ಅವನು ಬಡಗಿ ಕೆಲಸದ ಮಾತೆತ್ತಿದ. ಹಾಡು ಗುನುಗಿದ. ನೀರು ಕೊಟ್ಟ. ಅಪ್ಪ ಲೋಟ ಎಸೆದರು. ನಂತರ ಗೋಡೆಗೆ ಒರಗಿ ನೆಲದ ಮೇಲೆ ಕುಸಿದು, "ನನ್ನ ಮಗು... ನನ್ನ ಮಗು..." ಎಂದು ಎದೆ ಬಿರಿಯುವಂತೆ ಅಳತೊಡಗಿದರು. ಯಾರು ಹತ್ತಿರ ಹೋದರೂ ಕೈ ಬೀಸುತ್ತಿದ್ದರು.

"ಏನಾದ್ರೂ ಮಾಡಿ!" ಅವಳು ಅಂಗಲಾಚಿದಳು. "ನಿಮಗೆ ಗೊತ್ತಿರುತ್ತೆ... ಏನಾದ್ರೂ ಹೇಳಿ ಅವರಿಗೆ!"

"ಏನೂ ಇಲ್ಲ ಮೇಡಂ." ಅವನ ದನಿಯೂ ಒಡೆದಿತ್ತು. "ಗೊತ್ತಿರೋದೆಲ್ಲ ಮುಗೀತು. ಸುಸ್ತಾಗೋವರೆಗೂ ಕಾಯೋದು, ಅಷ್ಟೇ."

ಕಾದರು. ಅಪ್ಪ ಕಾಣುವಷ್ಟು ದೂರದಲ್ಲಿ, ಅಡುಗೆಮನೆಯ ಹೊಸ್ತಿಲಲ್ಲಿ ಇಬ್ಬರೂ ಕುಳಿತರು. ಅವನು ತನ್ನ ಕರವಸ್ತ್ರವನ್ನು ತಣ್ಣೀರಲ್ಲಿ ಅದ್ದಿ ಅವಳ ಮಣಿಕಟ್ಟಿಗೆ ಸುತ್ತಿದ. ಅವಳು ತಡೆಯಲಿಲ್ಲ. ತಡೆಯುವ ಶಕ್ತಿಯೂ ಇರಲಿಲ್ಲ.

"ಅವತ್ತು ಗೇಟಲ್ಲಿ ಹೇಳಿದ್ದು ಪೂರ್ತಿ ನಿಜ ಅಲ್ಲ," ಎಂದ, ಅಪ್ಪನ ಮೇಲಿನ ಕಣ್ಣು ಕದಲಿಸದೆ. "ನಿಮಗೆ ಸಮಾಧಾನ ಆಗ್ಲಿ ಅಂತ ಹೇಳಿದ್ದು ಮೊದಲ ವಾರ ಮಾತ್ರ. ಆಮೇಲೆ ಹೇಳಿದ್ದು ನನಗೋಸ್ಕರ."

"ಅಂದ್ರೆ?"

"ಕೇಳಿದ್ರು ಅಂದಾಗ ನಿಮ್ಮ ದನಿ ಬೇರೆ ಥರ ಆಗ್ತಿತ್ತು. ಅದನ್ನ ಕೇಳೋಕೆ ನಾನು ಬೆಳಿಗ್ಗೆಯಿಂದ ಕಾಯ್ತಿದ್ದೆ. ನಿಜ ಹೇಳಿದ್ರೆ ಫೋನ್ ಮಾಡೋದೇ ಬಿಟ್ಟುಬಿಡ್ತೀರ ಅನ್ನೋ ಭಯ. ಫೈಲಲ್ಲಿ ಮಾತ್ರ ಸುಳ್ಳು ಬರೆಯೋಕೆ ಕೈ ಬರಲಿಲ್ಲ... ನೀವು ಒಂದಿನ ಓದ್ತೀರ ಅಂತಾನೂ ಗೊತ್ತಿತ್ತು. ಆದ್ರೂ ಬಿಡೋಕಾಗಲಿಲ್ಲ."

ಅವಳು ಅವನತ್ತ ತಿರುಗಿದಳು.

"ನೀವಂದ್ರೆ ಇಷ್ಟ ನನಗೆ," ಎಂದುಬಿಟ್ಟ. "ಇದನ್ನ ಹೇಳೋಕೆ ಇದಕ್ಕಿಂತ ಕೆಟ್ಟ ಹೊತ್ತು ಸಿಗಲ್ಲ. ಅದೂ ಗೊತ್ತು."

ಗೋಡೆಯ ಬಳಿ ಅಪ್ಪ ಬಿಕ್ಕುತ್ತಿದ್ದರು. ಇಲ್ಲಿ ಅವಳ ಎದೆಯಲ್ಲಿ ಏನೋ ಅರಳಬೇಕಿತ್ತು. ಅರಳಲು ಜಾಗವೇ ಇರಲಿಲ್ಲ.

"ಇದನ್ನ ಕೇಳೋಕೆ ನಾನೆಷ್ಟು ಕಾದಿದ್ದೆ..." ಅವಳ ಕಣ್ಣೀರು ಗಲ್ಲಕ್ಕಿಳಿಯಿತು. "ಈಗ ನೋಡಿ, ಖುಷಿ ಪಡೋಕೂ ಆಗ್ತಿಲ್ಲ."

"ಪಡಬೇಡಿ. ಉತ್ತರಾನೂ ಬೇಡ ನನಗೆ."

"ಕೋಪ ಇನ್ನೂ ಇದೆ."

"ಇರ್ಲಿ."

"ಎದ್ದು ಹೋಗ್ಬೇಡಿ. ಅಷ್ಟೇ."

"ಹೋಗಲ್ಲ," ಎಂದ.

ಮುಕ್ಕಾಲು ಗಂಟೆಯ ಮೇಲೆ ಅಪ್ಪನ ದನಿ ಸೋತಿತು. ಇಬ್ಬರೂ ಒಂದೊಂದು ತೋಳು ಹಿಡಿದು ಎಬ್ಬಿಸಿದಾಗ ಅವರು ಕೊಸರಾಡಲಿಲ್ಲ. ತಾವು ಯಾಕೆ ಅತ್ತದ್ದೆಂದು ಅವರಿಗೆ ಆಗಲೇ ಮರೆತಿತ್ತು. ನೆನಪಿಟ್ಟುಕೊಳ್ಳುವ ಕೆಲಸ ಈ ಇಬ್ಬರ ಪಾಲಿಗೆ ಬಂದಿತ್ತು.

ಅಪ್ಪ ಮತ್ತೆ ಎಂದೂ ಮನೆಗೆ ಬರಲಿಲ್ಲ.

ಚೂಟಿ ಕೂಡ ಮತ್ತೆ ಎಂದೂ "ನಾನ್ಯಾರು ಹೇಳು" ಎಂದು ಅಪ್ಪನನ್ನು ಪೀಡಿಸಲಿಲ್ಲ. ಹೋಗುತ್ತಿದ್ದಳು, ಪಕ್ಕದಲ್ಲಿ ಕೂರುತ್ತಿದ್ದಳು, ಉಗುರು ಕತ್ತರಿಸುತ್ತಿದ್ದಳು. ಒಂದು ದಿನ ಅಪ್ಪ ತಾವಾಗಿಯೇ ವಿಚಾರಿಸಿದರು.

"ನಿಮ್ಮಪ್ಪ ಏನ್ ಕೆಲಸ ಮಾಡ್ತಾನಮ್ಮ?"

"ಮರದ ಕೆಲಸ."

"ಹೌದಾ? ಬೆರಳು ಹುಷಾರು ಅಂತ ಹೇಳು ಅವನಿಗೆ."

"ಹೇಳ್ತೀನಿ," ಎಂದಳು ಅವಳು. ಅಪ್ಪ ಅವಳೊಡನೆ ಆಡಿದ ಕೊನೆಯ ನೆಟ್ಟಗಿನ ಮಾತು ಅದು.

ಐದು ತಿಂಗಳಲ್ಲಿ ನಡಿಗೆ ನಿಂತಿತು. ಆಮೇಲೆ ನುಂಗುವುದು ಕಷ್ಟವಾಯಿತು. ನೀರನ್ನೂ ಪುಡಿ ಬೆರೆಸಿ ಗಟ್ಟಿ ಮಾಡಿ ಚಮಚದಲ್ಲಿ ಕೊಡಬೇಕು. ಅರ್ಧ ಬಟ್ಟಲು ಉಣಿಸಲು ಒಂದು ಗಂಟೆ. ಡಾಕ್ಟರು ಕೈ ಕಟ್ಟಿ ನಿಂತು, "ನೋವಾಗದ ಹಾಗೆ ನೋಡ್ಕೊಳ್ಳೋದು ಬಿಟ್ರೆ ಇನ್ನೇನೂ ಉಳಿದಿಲ್ಲಮ್ಮ," ಎಂದರು.

ಅವನೀಗ ಸುಳ್ಳು ಹೇಳುತ್ತಿರಲಿಲ್ಲ. "ಇವತ್ತು ಕಣ್ಣೇ ತೆರೀಲಿಲ್ಲ," ಎನ್ನುತ್ತಿದ್ದ. ಹೇಳಿ, ಅವಳು ಅತ್ತು ಮುಗಿಸುವವರೆಗೂ ಇರುತ್ತಿದ್ದ. ಕೋಪ ಯಾವಾಗ ಹೋಯಿತೋ ಅವಳಿಗೇ ಗೊತ್ತಾಗಲಿಲ್ಲ.

ಒಂದು ಮಧ್ಯಾಹ್ನ ಅವನ ಪಾಳಿ ಮುಗಿದಿತ್ತು. ನೀಲಿ ಅಂಗಿ ಬದಲಿಸಿ ಬಂದು ಅಪ್ಪನ ಮಂಚದ ಬಳಿ ಅವಳ ಪಕ್ಕ ಕುಳಿತ. ಅಪ್ಪ ಸಣ್ಣಗೆ ಉಸಿರಾಡುತ್ತಾ ಮಲಗಿದ್ದರು. ಅವಳು ಎಷ್ಟೋ ದಿನದಿಂದ ಹೊತ್ತುಕೊಂಡಿದ್ದ ಮಾತನ್ನು ಹೊರಗೆ ಹಾಕಿದಳು.

"ಒಂದು ಕೇಳ್ತೀನಿ. ಮದುವೆ ಆದಮೇಲೆ..."

"ಮದುವೆ ಆಗ್ತಿದೀವಾ?" ಅವನು ನೆಟ್ಟಗೆ ಕುಳಿತ.

"ಮಧ್ಯ ಬಾಯಿ ಹಾಕ್ಬೇಡಿ! ಮದುವೆ ಆಗಿ, ವಯಸ್ಸಾಗಿ... ನನಗೂ ಅಪ್ಪನ ಥರಾನೇ ಆದ್ರೆ?"

"ಆಗಬಹುದು," ಎಂದ ಅವನು. "ಆಗಲ್ಲ ಅಂತ ಹೇಳೋಕೆ ನನ್ನಿಂದಾಗಲ್ಲ."

"ನಿಮ್ಮನ್ನೇ ಮರೆತುಬಿಟ್ರೆ? ನೀವು ಯಾರೋ ಅಂತ ತಳ್ಳಿಬಿಟ್ರೆ? ಆಗ ಏನ್ ಮಾಡ್ತೀರ?"

 ಅವಳು ಅವನ ಮುಖವನ್ನೇ ನೋಡುತ್ತಿದ್ದಳು.

"ಅಳ್ತೀನಿ," ಎಂದ.

ಅವಳ ಕಣ್ಣು ತುಂಬಿತು. ಅದರ ಹಿಂದೆಯೇ ನಗುವೂ ಬಂತು.

"ಆಮೇಲೆ?"

"ಆಮೇಲೆ ಮುಖ ತೊಳ್ಕೊಂಡು ಬಂದು ನಿಮಗೆ ಟೀ ಮಾಡ್ಕೊಡ್ತೀನಿ."

ಅವಳು ಕಣ್ಣೊರೆಸಿಕೊಂಡು ಅವನ ಭುಜಕ್ಕೆ ತಲೆಯಾನಿಸಿದಳು. ಅವಳ ಕೈಯನ್ನು ಅವನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಈಗಲೇ ಬೇಕು ಅನ್ನಿಸ್ತಿದೆ, ಟೀ."

"ತರ್ತೀನಿ. ಆದ್ರೆ ಎದ್ದು ಹೋಗ್ಬೇಕು ಅಂದ್ರೆ ಈ ಕೈ ಬಿಡ್ಬೇಕಲ್ಲ."

ಅವಳು ಹಿಡಿದ ಕೈಗಳನ್ನೊಮ್ಮೆ ನೋಡಿದಳು.

"ಹಾಗಾದ್ರೆ ಟೀ ಬೇಡ," ಎಂದಳು.